ದೇವರ ಮಾಲು

ಮಡಿವಾಳದ ಬೈರಣ್ಣನವರು ಜಯನಗರದಲ್ಲಿ ಹಣ್ಣು ಮಾರಲು ಶುರು ಮಾಡಿದ್ದು ಸೈಕಲ್ ಮೇಲೆ. ಕೆರೆಯ ಆಚೆ ಅವರಿಗೊಂದು ಸೀಬೆ ತೋಟವಿತ್ತು. ಹಣ್ಣು ಕಿತ್ತು, ಕುಕ್ಕೆಯನ್ನು ಕ್ಯಾರಿಯರಿಗೆ ಬಿಗಿದು, ನಮ್ಮ ರಸ್ತೆಗಳಲ್ಲಿ ಕೂಗಿಕೊಂಡು ಬರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಎದ್ದ ಮೇಲೆ ಅದರ ಹಿಂಭಾಗದಲ್ಲಿ ಒಂದು ಚಿಕ್ಕ ಅಂಗಡಿ ಹಿಡಿದರು. ನಮ್ಮ ಅತ್ತಿಗೆ ಸೀತಾಲಕ್ಷ್ಮಿ ಟೈಪಿಂಗ್ ಪಾಸು ಮಾಡಿದವರು. ಬೆಳಗಿನ ಹೊತ್ತು ಅಂಗಡಿಗೆ ಹೋಗಿ ಅವರ ಇಂಗ್ಲಿಷ್ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಇಲ್ಲಿ ಬರೆದಿರುವುದನ್ನು ನನಗೆ ಹೇಳಿದ್ದು ಅತ್ತಿಗೆ ಮತ್ತು ಬೈರಣ್ಣನವರ ಹೆಂಡತಿ ಸೊಣ್ಣಮ್ಮ. ಇಬ್ಬರ ಮಾತು ಕೂಡದ ಕಡೆ ಬೈರಣ್ಣನವರನ್ನೇ ಕೇಳಿ ಸರಿಮಾಡಿಕೊಂಡಿದ್ದೇನೆ.

ಹಣ್ಣು ಕೊಳೆಯುವುದು ಬೈರಣ್ಣನವರಿಗೆ ಹೇಸಿಗೆಯಲ್ಲ. ಬೆಳಿಗ್ಗೆ ಬಾಗಿಲು ತೆಗೆದು, ಕೈಗೆ ಮೆತ್ತಗೆ ಸಿಕ್ಕಿದ್ದನ್ನೆಲ್ಲ ಬೇರೆ ಮಾಡಿ ಹಸುಗಳಿಗೆ ಹಾಕುತ್ತಿದ್ದರು. ಅವರಿಗೆ ಹೇಸಿಗೆಯಾಗುತ್ತಿದ್ದುದು ಖರ್ಜೂರ. ಸಗಟು ಅಂಗಡಿಯಿಂದ ಬರುವ ಖರ್ಜೂರದ ಚಾಪೆ ಮೂಟೆ ಬಿಚ್ಚಿದರೆ ಒಳಗೆ ಜಿರಲೆ ಕಾಲು, ಬೀಡಿ ತುಂಡು, ಕೂದಲು. ಒಮ್ಮೆ ಯಾರದೋ ಗಾಯಕ್ಕೆ ಕಟ್ಟಿದ್ದ ಬಟ್ಟೆ, ಅದರ ಕೀವಿನ ಕಲೆಯ ಸಮೇತ. ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಸಗಟು ವ್ಯಾಪಾರಿಯ ಮುಂದೆ ನಿಂತರೆ ಅವನು ತಲೆ ಎತ್ತಿಯೂ ನೋಡಲಿಲ್ಲವಂತೆ.

"ಖರ್ಜೂರ ಅಂದ್ಮೇಲೆ ಅದೆಲ್ಲ ಇರುತ್ತೆ. ತೊಳ್ಕೊಂಡ್ ಮಾರು ಹೋಗು."

ಹಿಂದೆಯೇ ನಿಂತಿದ್ದ ಸೊಣ್ಣಮ್ಮ, "ಮನೇಗ್ ತಗೊಂಡೋಗಿ ನಿನ್ ಹೆಂಡ್ರು ಕೈಲಿ ತೊಳ್ಸು" ಎಂದು ಆ ಬಟ್ಟೆಯನ್ನು ಅವನ ಗಲ್ಲಾ ಪೆಟ್ಟಿಗೆಯ ಮೇಲೆ ಹಾಕಿ ಬಂದರು.

ಅಲ್ಲಿಂದ ಬೈರಣ್ಣನವರಿಗೆ ಒಂದೇ ಆಸೆ: ಯಾರ ಕೈಯೂ ಸೋಕದ ಡಬ್ಬಿಯನ್ನು ಗಿರಾಕಿಯ ಎದುರಿಗೆ ಬಿಚ್ಚಿ ಖರ್ಜೂರ ಮಾರಬೇಕು. ಅದಕ್ಕೆ ಬೆಳೆಯುವ ಊರಿಂದಲೇ ನೇರವಾಗಿ ತರಿಸಬೇಕು.

ತರಿಸುವುದು ಸುಲಭವಿರಲಿಲ್ಲ. ಹೊರದೇಶದ ಸೇಬು, ದ್ರಾಕ್ಷಿಯಂಥ ತಾಜಾ ಹಣ್ಣನ್ನು ಸಾಮಾನ್ಯ ವರ್ತಕ ತರಿಸುವುದು ಆಗ ಹೆಚ್ಚುಕಡಿಮೆ ಆಗದ ಮಾತು. ಖರ್ಜೂರಕ್ಕೆ ದಾರಿ ಇತ್ತು, ಆದರೆ ಪರವಾನಗಿ ಬೇಕು, ಮತ್ತು ಪರವಾನಗಿಯಲ್ಲಿ ಯಾವ ಮಾಲು ಬರೆದಿದೆಯೋ ಅದೇ ಹಡಗಿನಿಂದ ಇಳಿಯಬೇಕು. ಮಾಲು ತಾಜಾ ಹಣ್ಣಾದರೆ ಇನ್ನೊಂದು ನಿಯಮ ಬರುತ್ತದೆ. ಅದರಲ್ಲಿ ಕೀಟವಾಗಲಿ ರೋಗವಾಗಲಿ ಇಲ್ಲವೆಂದು ಕಳಿಸುವ ದೇಶದ ಕೃಷಿ ಅಧಿಕಾರಿಗಳು ಪರೀಕ್ಷೆ ಮಾಡಿ, ಹಡಗು ಹತ್ತಿಸುವ ಮೊದಲೇ ಸರ್ಟಿಫಿಕೇಟು ಕೊಟ್ಟಿರಬೇಕು. ಇದು ಬರೀ ಕಾಟಕ್ಕೆ ಮಾಡಿದ ನಿಯಮವಲ್ಲ. ಹಸಿರು ತೊಟ್ಟಿನಲ್ಲಿ ಕೂತು ಬಂದ ಒಂದು ಹುಳು ನಮ್ಮ ತೋಟಗಳಿಗೆ ಇಳಿದರೆ ಅದನ್ನು ವಾಪಸು ಕಳಿಸಲು ಯಾರಿಂದಲೂ ಆಗದು.

ಬೈರಣ್ಣನವರು ಕಚೇರಿಯಿಂದ ಕಚೇರಿಗೆ ಅಲೆದು ಖರ್ಜೂರದ ಪರವಾನಗಿ ಪಡೆದರು. ಸೀಬೆ ತೋಟವನ್ನು ಅಡವಿಟ್ಟರು. ಮಸ್ಕತ್ತಿನ ಒಬ್ಬ ವ್ಯಾಪಾರಿಯ ವಿಳಾಸ ಹಿಡಿದರು. ಒಂದು ಬೆಳಿಗ್ಗೆ ಅತ್ತಿಗೆ ಟೈಪ್‌ರೈಟರಿಗೆ ಹಾಳೆ ಸಿಕ್ಕಿಸಿದರು.

"ಬರ್ಕೊಳಿ ಸೀತಮ್ನೋರೆ. ಒಣಗಿದ್ದು ನಮ್ಗೆ ಬ್ಯಾಡ. ಉತ್ತುತ್ತೆ ಬ್ಯಾಡ. ಹಸಿ ಖರ್ಜೂರ."

"ಹಸಿ ಖರ್ಜೂರ ಅಂದ್ರೆ… ಫ್ರೆಶ್ ಡೇಟ್ಸ್ ಅಂತ ಹಾಕ್ಲಾ ಬೈರಣ್ಣ?"

"ಅದ್ ನಂಗೇನ್ ಗೊತ್ತಮ್ಮ. ಇಂಗ್ಲೀಷು ನಿಮ್ದು, ತೋಟ ನಮ್ದು."

ಮೂಸಂಬಿ ಒರೆಸುತ್ತಿದ್ದ ಸೊಣ್ಣಮ್ಮ ಕೂತಲ್ಲಿಂದಲೇ ಹೇಳಿದರು: "ಬರೀ ಹಸೀದೇ ಅಂತ ಎರಡ್ ಸಲ ಹಾಕಿ ತಾಯಿ. ಒಂದ್ ಸಲ ಹೇಳಿದ್ರೆ ಗಂಡಸ್ರಿಗೆ ಕೇಳ್ಸಲ್ಲ."

ಅತ್ತಿಗೆ ಎರಡು ಸಲ ಹಾಕಿದರು. ಫ್ರೆಶ್ ಡೇಟ್ಸ್ ಓನ್ಲಿ, ಸ್ಟ್ರಿಕ್ಟ್ಲಿ ಫ್ರೆಶ್.

ಮಸ್ಕತ್ತಿನ ವ್ಯಾಪಾರಿಗೆ ಆಶ್ಚರ್ಯವಾಗಿರಬೇಕು. ದಾರಿ ದೂರವಿದೆ, ನಿಮಗೆ ನಿಜವಾಗಿಯೂ ಫ್ರೆಶ್ ಬೇಕೇ ಎಂದು ಕೇಳಿ ಬರೆದ.

"ಹಸೀದೇ ತಾನೇ ಅಂತ ಕೇಳ್ತಿದಾನೆ" ಎಂದರು ಅತ್ತಿಗೆ.

"ಹೂಂ ಅನ್ನಿ. ನೋಡ್ದ್ಯಾ ಸೊಣ್ಣಿ, ಎಂಥಾ ನಿಯತ್ತಿನ ಮನ್ಷ! ನಮ್ ಮಾರ್ಕೆಟ್ನಲ್ಲಿ ಯಾವನಾದ್ರೂ ಎರಡು ಸಲ ಕೇಳ್ತಾನಾ?"

ತಪ್ಪು ಎಲ್ಲಿಯದೆಂದು ನಾನು ಯೋಚಿಸಿದ್ದೇನೆ. ಹಸಿ ಗೋಡೆ ಎಂದರೆ ಒಣಗದ್ದು, ಹಸಿ ತರಕಾರಿ ಎಂದರೆ ಬೇಯದ್ದು, ಹಸಿ ಗಾಯ ಎಂದರೆ ಹೊಸದು. ನಮ್ಮ ಮನೆಗಳಲ್ಲಿ ಮೆತ್ತನೆಯ ಕಂದು ಖರ್ಜೂರವನ್ನು ಹಸಿ ಎನ್ನುವುದು ಅದು ಕಲ್ಲಿನಂಥ ಉತ್ತುತ್ತೆ ಅಲ್ಲ ಎಂಬ ಒಂದೇ ಕಾರಣಕ್ಕೆ. ಆಮದು ವ್ಯಾಪಾರದವರು ಅದನ್ನು ವೆಟ್ ಡೇಟ್ಸ್ ಎನ್ನುತ್ತಾರೆ. ಪರವಾನಗಿಯಲ್ಲಿ ಇದ್ದದ್ದೂ ಅದೇ. ಮಸ್ಕತ್ತಿನವನಿಗೆ ಫ್ರೆಶ್ ಎಂದರೆ ಮರದಿಂದ ಆಗ ತಾನೇ ಇಳಿಸಿದ, ಹಳದಿ ಬಣ್ಣದ, ಗೊನೆಯಲ್ಲೇ ಇರುವ, ಕಚ್ಚಿದರೆ ನಾಲಗೆ ಒಗರಾಗುವ ಹಣ್ಣು. ಬೈರಣ್ಣನವರು ಸರಿಯಾಗಿಯೇ ಹೇಳಿದರು, ಅತ್ತಿಗೆ ಸರಿಯಾಗಿಯೇ ಬರೆದರು, ಮಸ್ಕತ್ತಿನವನು ಕೇಳಿದ್ದನ್ನೇ ಕಳಿಸಿದ.

ಎಂಬತ್ತಾರನೇ ಇಸವಿಯ ಆಷಾಢ. ಶ್ರಾವಣಕ್ಕೆ ಮುಂಚೆ ಮಾಲು ಕೈಗೆ ಬಂದರೆ ಪೂಜೆ ಪುನಸ್ಕಾರದ ವ್ಯಾಪಾರವೆಲ್ಲ ಸಿಗುತ್ತದೆ ಎಂಬ ಲೆಕ್ಕ. ಬಂದರಿನಲ್ಲಿ ಮಾಲು ಬಿಡಿಸಿಕೊಡಲು ಒಬ್ಬ ಏಜೆಂಟನನ್ನು ಗೊತ್ತುಮಾಡಿದ್ದರು. ವೆಂಕಟಾಚಲ ಎಂದು, ಬನಶಂಕರಿಯವನೇ, ಬಂದರಿನ ಊರಿನಲ್ಲಿ ನೆಲೆಸಿದವನು. ಅವನ ಟ್ರಂಕ್ ಕಾಲ್ ಬಂತು. "ಮಾಲ್ ಇಳಿದಿದೆ ಬೈರಣ್ಣೋರೆ. ಸ್ವಲ್ಪ ತೊಂದ್ರೆ ಇದೆ. ಆರ್ಡರ್ ಟೈಪ್ ಮಾಡ್ದೋರ್ನೂ ಕರ್ಕೊಂಡ್ ಬನ್ನಿ."

ಹೆಂಗಸೊಬ್ಬರು ಬರುವುದಾದರೆ ಜೊತೆಗೆ ತಾನೂ ಇರಬೇಕೆಂದು ಸೊಣ್ಣಮ್ಮ ಹೊರಟರು. ಮೂವರೂ ರೈಲು ಹತ್ತಿದರು.

ಗೋಡೌನಿನ ಬಾಗಿಲಿಗೆ ಇನ್ನೂ ದೂರವಿರುವಾಗಲೇ ವಾಸನೆ ಬಡಿಯಿತು. ಮೊದಲು ಸಿಹಿ, ಅದರ ಬೆನ್ನಿಗೇ ಹುಳಿ, ಆಮೇಲೆ ಗಂಟಲಲ್ಲಿ ಕೂತು ಏಳದಂಥ ಇನ್ನೇನೋ. ಬಾಗಿಲ ಕೆಳಗಿನಿಂದ ಕಂದು ರಸ ಹರಿದು, ಚಪ್ಪಲಿ ಇಟ್ಟರೆ ಕಿತ್ತುಕೊಳ್ಳಬೇಕಾದಷ್ಟು ಅಂಟಾಗಿತ್ತು. ಒಳಗೆ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕುಸಿದಿದ್ದವು. ಹಡಗಿನ ಒಡಲ ಸೆಕೆಯಲ್ಲಿ ಹಳದಿ ಹಣ್ಣು ಕೆಲವು ಮಾಗಿ ಕಂದಾಗಿ ಮೆತ್ತಗಾಗಿವೆ. ಒತ್ತಡಕ್ಕೆ ಸಿಪ್ಪೆ ಒಡೆದು ರಸ ಬಿಟ್ಟಿವೆ. ರಸದಲ್ಲಿ ಸಕ್ಕರೆ ಇದ್ದ ಮೇಲೆ ಅದು ಹುದುಗದೆ ಇರುವುದಿಲ್ಲ. ಹುದುಗಿ ಹೆಂಡವಾಗಿ, ಹೆಂಡ ಹುಳಿಯಾಗಿ, ಹುಳಿಗೆ ನೊಣ ಮುತ್ತಿ ಮೊಟ್ಟೆಯಿಟ್ಟಿವೆ. ಸೊಣ್ಣಮ್ಮ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಹಣ್ಣುಗಳೇ ಮೆಲ್ಲಗೆ ಅಲ್ಲಾಡುತ್ತಿರುವಂತೆ ಕಂಡಿತಂತೆ. ಅಲ್ಲಾಡುತ್ತಿದ್ದದ್ದು ಹುಳು.

ಸೊಣ್ಣಮ್ಮ ಸೆರಗು ಮೂಗಿಗೊತ್ತಿಕೊಂಡರು. "ಯೋವ್, ಖರ್ಜೂರ ತರ್ಸಿದ್ಯಾ, ಹೆಂಡದಂಗ್ಡಿ ಹಿತ್ಲು ತರ್ಸಿದ್ಯಾ?"

ಅತ್ತಿಗೆ ಹೊರಗೆ ಓಡಿ ಗೋಡೆಯ ಪಕ್ಕ ವಾಂತಿ ಮಾಡಿಕೊಂಡರು.

ಸಸ್ಯ ತಪಾಸಣೆಯ ಅಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಜೋರು ಮಾತಿನವರಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅತ್ತಿಗೆ ಕನ್ನಡದಲ್ಲಿ ಹೇಳಿದರು. ಮಾಲಿನ ಮೇಲೆ ತಾಜಾ ಹಣ್ಣೆಂದು ಬರೆದಿದೆ, ಪರವಾನಗಿ ಅದಕ್ಕಿಲ್ಲ. ಗೊನೆಯ ಕಡ್ಡಿ ಸಮೇತ ಬಂದಿದೆ, ಸರ್ಟಿಫಿಕೇಟಿಲ್ಲ.

"ಈಗ ಬರ್ದು ತರ್ಸಿದ್ರೆ ಆಗಲ್ವಾ ಅಂತ ಕೇಳಿ."

"ಆಗಲ್ವಂತೆ ಬೈರಣ್ಣ. ಹಡಗು ಹತ್ತೋ ಮುಂಚೆ ಪರೀಕ್ಷೆ ಆಗ್ಬೇಕಂತೆ. ಒಂದೋ ವಾಪಸ್ ಕಳಿಸ್ಬೇಕು, ಇಲ್ಲ ಅವ್ರೆದುರಿಗೇ ನಾಶ ಮಾಡ್ಬೇಕು. ಎರಡ್ರ ಖರ್ಚೂ ನಮ್ದೇ."

ವಾಪಸು ಕಳಿಸಿದರೆ ಇದನ್ನು ಯಾರು ಇಳಿಸಿಕೊಳ್ಳುತ್ತಾರೆ? ನಾಶ ಮಾಡಿದರೆ ತೋಟ ಹೋಗುತ್ತದೆ. ಬೈರಣ್ಣನವರು ಪೆಟ್ಟಿಗೆಗಳ ಕಡೆ ನೋಡುವುದನ್ನು ಬಿಟ್ಟು ತಮ್ಮ ಅಂಟು ಚಪ್ಪಲಿ ನೋಡುತ್ತ ನಿಂತರು. ಅಧಿಕಾರಿ ಹೋದ ಮೇಲೆ ವೆಂಕಟಾಚಲ ಹತ್ತಿರ ಬಂದ.

"ಅವ್ರು ಹೇಳೋದು ಅವ್ರ ಡ್ಯೂಟಿ. ಕಾಫಿ ಕುಡಿಯೋಣ ಬನ್ನಿ."

ಅವನ ಆಫೀಸೆಂದರೆ ಒಂದು ಕೋಣೆ, ಒಂದು ಟೈಪ್‌ರೈಟರು, ಗೋಡೆ ತುಂಬ ದೇವರ ಪಟ. ಬಾಗಿಲಲ್ಲಿ ಸೈಕಲ್ ಹಿಡಿದುಕೊಂಡು ಒಬ್ಬ ನಿಂತಿದ್ದ. ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಇವರ ಮಾಲಿನದೇ ಒಂದಿಷ್ಟು ಕಂದು ಹಣ್ಣು ಆರಿಸಿಟ್ಟಿದ್ದ. ಒಂದನ್ನು ತೆಗೆದು, ಬೆರಳಿಂದ ಬಗೆದು, ಒಳಗಿದ್ದದ್ದನ್ನು ಉಗುರಲ್ಲಿ ಚಿಮ್ಮಿ, ಪ್ಯಾಂಟಿಗೆ ಒರೆಸಿ ಬಾಯಿಗೆ ಹಾಕಿಕೊಂಡ. "ಜೇನು ಸಾರ್, ಜೇನು."

ಕಾಫಿಯ ಲೋಟ ಎತ್ತಿದ್ದ ಅತ್ತಿಗೆ ಹಾಗೆಯೇ ಕೆಳಗಿಟ್ಟರು.

ಅವನ ಉಪಾಯ ಇಷ್ಟು. ಹಳದಿ ಇರುವುದನ್ನೆಲ್ಲ ಎತ್ತಿ ಬಿಸಾಕುವುದು. ಕಂದಾದದ್ದನ್ನು ವೆಟ್ ಡೇಟ್ಸ್ ಎಂದು ತೋರಿಸುವುದು. ಫ್ರೆಶ್ ಎಂದು ಬಂದಿರುವುದು ಆರ್ಡರಿನಲ್ಲಾದ ಟೈಪಿಂಗ್ ತಪ್ಪಿನಿಂದ ಎಂದು ಟೈಪಿಸ್ಟ್ ಮತ್ತು ಮಾಲೀಕ ಇಬ್ಬರೂ ಬರೆದುಕೊಡುವುದು. ತಪಾಸಣೆಗೆ ಯಾವ ಪೆಟ್ಟಿಗೆ ಮುಂದೆ ಇರಬೇಕು ಎನ್ನುವುದನ್ನು ಅವನು ನೋಡಿಕೊಳ್ಳುತ್ತಾನೆ. ಮಾಲು ಹೊರಗೆ ಬಂದ ಮೇಲೆ ಬಿಸಿನೀರಲ್ಲಿ ಅದ್ದಿ, ಹುಳಿ ನೀರು ಬಸಿದು, ಕಡಲೆಕಾಯಿ ಎಣ್ಣೆ ಸವರಿ, ಅಚ್ಚಿಗೆ ಒತ್ತಿದರೆ ಹೊಸದರ ಹಾಗೆ ಹೊಳೆಯುತ್ತದೆ.

"ಇದನ್ನ ಅಂಗ್ಡೀಲಿ ಯಾರ್ ತಗೋತಾರೆ?" ಎಂದರು ಬೈರಣ್ಣ.

"ಅಂಗ್ಡಿಗ್ಯಾಕೆ? ಇದು ದೇವರ ಮಾಲು."

"ಅಂದ್ರೆ?"

"ಪಂಚಾಮೃತದ ಕಾಂಟ್ರಾಕ್ಟರ್ ಒಬ್ಬ ಇದಾನೆ. ಬೆಲ್ಲ, ಬಾಳೆಹಣ್ಣು, ತುಪ್ಪದ ಜೊತೆ ಕಲಸಿಬಿಟ್ರೆ ಮುಗೀತು. ಕೈ ಮುಗಿದು ತಗೊಳೋನು ಮೂಸಿ ನೋಡ್ತಾನಾ? ನಮ್ ಲೈನಲ್ಲಿ ಎಲ್ಲಾ ಹಂಗೇ ಅನ್ನೋದು. ತಿನ್ನೋ ಮಾಲು ಬೇರೆ, ದೇವರ ಮಾಲು ಬೇರೆ."

ಬೈರಣ್ಣನವರಿಗೆ ಈ ಭಾಷೆ ಹೊಸದಲ್ಲ. ಜಯನಗರದಲ್ಲಿ ಒಳ್ಳೆಯ ಸೀರೆ ಉಟ್ಟು ಅಂಗಡಿಗೆ ಬರುವ ಎಷ್ಟೋ ಜನ ಮೊದಲು ಹೇಳುವ ಮಾತೇ ಅದು: ತಿನ್ನೋಕಲ್ಲಪ್ಪ, ಪೂಜೆಗೆ, ಕಮ್ಮೀದು ಕೊಡು. ಪೂಜೆ ಅಡಿಕೆ ಎಂದರೆ ಹುಳು ಹಿಡಿದದ್ದು, ಪೂಜೆ ಬಾಳೆಹಣ್ಣು ಎಂದರೆ ಕಪ್ಪಾದದ್ದು, ದೀಪದ ತುಪ್ಪ ಎಂದರೆ ಏನೆಂದು ಕೇಳಬಾರದು. ತಾವು ಬಾಯಿಗಿಡದ್ದನ್ನು ಇಟ್ಟು ಕಣ್ಣು ಮುಚ್ಚಿ ಮಕ್ಕಳ ಪರೀಕ್ಷೆ, ಮಗಳ ಮದುವೆ ಎಲ್ಲ ಕೇಳಿಕೊಳ್ಳುತ್ತಾರೆ. ಇದನ್ನು ನೆನೆಸಿಕೊಂಡರೆ ಗೋಡೌನಿನ ವಾಸನೆಯೇ ವಾಸಿ ಎನಿಸುತ್ತದೆ ನನಗೆ. ಅದು ಏನೋ ಅದಾಗಿಯೇ ಇತ್ತು, ಮೇಲೆ ಎಣ್ಣೆ ಸವರಿರಲಿಲ್ಲ. ಆದರೆ ಕಪ್ಪಾದ ಬಾಳೆಹಣ್ಣು ಕೊನೆಗೆ ದನಕ್ಕೆ ಹೋಗುತ್ತದೆ. ಪಂಚಾಮೃತ ಮಕ್ಕಳ ಅಂಗೈಗೆ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಬೈರಣ್ಣನವರು ಒಪ್ಪಿಕೊಂಡರು. ಇದನ್ನು ಅವರೇ ನನಗೆ ಹೇಳಿದ್ದು, ಮುಚ್ಚಿಡಲಿಲ್ಲ. ಕಣ್ಣಿನ ಮುಂದೆ ತೋಟ ಬಂತಂತೆ. ಅಪ್ಪ ನೆಟ್ಟ ಗಿಡಗಳು.

"ಹಾಕಿ ಸೀತಮ್ನೋರೆ, ಅವ್ರು ಹೇಳ್ದಂಗೆ."

ಅತ್ತಿಗೆ ಟೈಪ್‌ರೈಟರಿನ ಮುಂದೆ ಕೂತರು. ತಾರೀಖು ಹಾಕಿದರು, ವಿಳಾಸ ಹಾಕಿದರು, ನಿಲ್ಲಿಸಿದರು. "ಟೈಪಿಂಗ್ ತಪ್ಪು ಅಂತ ಹೆಂಗ್ ಹಾಕ್ಲಿ? ನೀವು ಹಸಿ ಅಂದ್ರಿ, ನಾನು ಫ್ರೆಶ್ ಅಂತ ಬೇಕಂತ್ಲೇ ಟೈಪ್ ಮಾಡ್ದೆ. ಎರಡು ಸಲ."

"ಮೇಡಂ, ಒಂದು ಪದ. ಒಂದು ಪದಕ್ಕೆ ಇಷ್ಟು ಯೋಚ್ನೆನಾ?" ವೆಂಕಟಾಚಲ ನಕ್ಕ. "ಕೆಲ್ಸ ಹೋಗುತ್ತೆ ಅಂತ ಭಯಾನಾ? ಕೆಲ್ಸ ಕೊಟ್ಟೋರೇ ಪಕ್ಕದಲ್ಲಿ ಕೂತಿದಾರಲ್ಲ."

ಸೊಣ್ಣಮ್ಮ ಆ ತನಕ ಗೋಡೆಯ ಮೇಲಿನ ಪಟಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಊರ ಹೆಂಗಸು ಊರವನನ್ನು ಕ್ಷೇಮ ಕೇಳುವ ಹಾಗೆ ಕೇಳಿದರು: "ಏನಪ್ಪಾ, ಇದೆಲ್ಲಾ ಯಾವ್ ಕಡೆಗ್ ಹೋಗುತ್ತೆ?"

"ನಮ್ ಕಡೆಗೇ ಅಕ್ಕ. ಬೆಂಗ್ಳೂರಿಗೇ. ಶ್ರಾವಣ ಅಲ್ವಾ, ಜಯನಗರ, ಬನಶಂಕರಿ ಎಲ್ಲಾ ಕಡೆ ಮನೆ ಮನೆ ಪೂಜೆ. ಎಷ್ಟಿದ್ರೂ ಸಾಲಲ್ಲ."

"ನಿಮ್ಮನೇಲೂ ಮಾಡ್ತೀರಾ?"

"ಮಾಡ್ದೇ ಇರ್ತೀವಾ? ನಮ್ಮಮ್ಮ ಬನಶಂಕ್ರೀಲೇ ಇದಾರೆ. ಪ್ರತಿ ವರ್ಷ ಸತ್ಯನಾರಾಯಣ ಪೂಜೆ."

"ಪಂಚಾಮೃತಕ್ಕೆ ಈ ಖರ್ಜೂರನೇ ಹಾಕ್ತಾರಾ?"

ವೆಂಕಟಾಚಲ ತಟ್ಟೆಗೆ ಮತ್ತೊಂದು ಸಲ ಕೈ ಹಾಕಿದ್ದವನು ಕೈ ಹಿಂದಕ್ಕೆ ತೆಗೆದ. "ಇಲ್ಲ, ನಮ್ಮಮ್ಮ ಬಾಳೆಹಣ್ಣು, ಸಕ್ರೆ, ಜೇನುತುಪ್ಪ ಅಷ್ಟೇ ಹಾಕೋದು. ಖರ್ಜೂರ ಬೇಡ ಅಂದಿದೀನಿ."

ಸೊಣ್ಣಮ್ಮನವರಿಗೆ ಮೊದಲು ನಗು ಬಂತು. ಆಮೇಲೆ ಗಂಡನ ಮುಖ ನೋಡಿ ನಿಲ್ಲಿಸಿದರು.

ಬೈರಣ್ಣ ಎದ್ದು ನಿಂತರು. "ಸೀತಮ್ನೋರೆ, ಆ ಹಾಳೆ ತೆಗ್ದು ಬೇರೆ ಹಾಕಿ. ಆ ಚಿಕ್ ವಯಸ್ಸಿನ ಆಫೀಸರ್ಗೆ ಬರೀರಿ. ನಾಶ ಮಾಡ್ತೀವಿ ಅಂತ."

"ಹುಚ್ಚಾ ಬೈರಣ್ಣೋರೆ? ನೀವು ಸುಟ್ಟಾಕಿದ್ರೆ ಊರಲ್ಲಿ ಪಂಚಾಮೃತ ನಿಂತೋಗುತ್ತಾ? ನಾಳೆ ಇನ್ನೊಬ್ಬ ಕೊಡ್ತಾನೆ."

"ಕೊಡ್ಲಿ. ಅದು ಅವನ್ ಮಾಲು. ಇದು ನಂದು."

ಸೊಣ್ಣಮ್ಮ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ತೋಟ ಹೋಗುತ್ತೆ."

"ಗೊತ್ತು."

"ಸೈಟ್ ಮಾಡಿ ಮಾರ್ಬಿಡ್ತಾರೆ. ಒಂದ್ ಗಿಡ ಉಳಿಸಲ್ಲ."

"ಗೊತ್ತು ಕಣೆ."

"ಗೊತ್ತಿದ್ರೆ ಸರಿ." ತೋಳು ಬಿಟ್ಟು, ವೆಂಕಟಾಚಲನ ಕಡೆ ತಿರುಗಿದರು. "ಸೀಮೆಎಣ್ಣೆ ಎಲ್ಲಿ ಸಿಗುತ್ತಪ್ಪಾ ಈ ಊರಲ್ಲಿ?"

ಬಂದರಿನ ಆಚೆ, ಊರ ಕಸ ಹಾಕುವ ಬಯಲಿನಲ್ಲಿ ಗುಂಡಿ ತೋಡಿಸಿದರು. ಲಾರಿಯಿಂದ ಪೆಟ್ಟಿಗೆ ಇಳಿಸುವಾಗ ತಳ ಬಿಟ್ಟು ಸುರಿದದ್ದನ್ನು ಕೂಲಿಗಳು ಸಲಿಕೆಯಿಂದ ಗೋರಬೇಕಾಯಿತು. ಒಬ್ಬನ ಕಾಲು ಜಾರಿ ಅದರಲ್ಲೇ ಕೂತ. ಎದ್ದಾಗ ಬೆನ್ನಿನ ತುಂಬ ಹುಳು. ಯಾರೂ ನಗಲಿಲ್ಲ.

ಒದ್ದೆ ಹಣ್ಣು ಸುಲಭಕ್ಕೆ ಹೊತ್ತುವುದಿಲ್ಲ. ಮೊದಲು ನೀರು ಆವಿಯಾಗಬೇಕು. ಸೌದೆ, ತೆಂಗಿನ ಗರಿ ಹಾಕಿ, ಸೀಮೆಎಣ್ಣೆ ಹೊಯ್ದ ಮೇಲೆ ಮೇಲ್ಭಾಗ ಹೊತ್ತಿಕೊಂಡಿತು. ಕೆಳಗಿನದು ಕುದಿಯತೊಡಗಿತು. ರಸ ನೊರೆಯಾಗಿ ಉಕ್ಕಿ, ಕಪ್ಪಾಗಿ, ಗುಳ್ಳೆ ಒಡೆಯುತ್ತಿತ್ತು. ಅದಕ್ಕಿಂತ ಅಸಹ್ಯವಾದದ್ದು ಹೊಗೆಯ ವಾಸನೆ. ಹೋಳಿಗೆ ಮನೆಯ ವಾಸನೆ ಅದು, ಪಾಕ ಬರುತ್ತಿರುವ ಬೆಲ್ಲದ್ದು. ರಸ್ತೆಯಲ್ಲಿ ಹೋಗುವವರು ನಿಂತು, ಮೂಗರಳಿಸಿ, ಏನು ವಿಶೇಷ, ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಅತ್ತಿಗೆ ಅಂದಿನಿಂದ ಹಬ್ಬದ ದಿನ ಹೂರಣ ಕಾಯಿಸಲು ಒಪ್ಪುವುದಿಲ್ಲ.

ಬೆಂಕಿ ಹಿಡಿದದ್ದನ್ನು ನೋಡಿ ಅಧಿಕಾರಿ ಸಹಿ ಮಾಡಿ ಕಾಗದ ಕೊಟ್ಟರು. ನಿಯಮದ ಪ್ರಕಾರ ಕೆಲಸ ಅಲ್ಲಿಗೆ ಮುಗಿಯಿತು. ಹೊರಡುವ ಮುನ್ನ ಬೈರಣ್ಣನವರ ಕೈ ಹಿಡಿದು ಏನೋ ಹೇಳಹೋದರು, ಹೊಗೆಗೆ ಕೆಮ್ಮು ಬಂದು ಹೇಳಲಾಗಲಿಲ್ಲ.

"ನಡಿಯಯ್ಯಾ, ಸ್ನಾನ ಮಾಡ್ಬೇಕು ನಂಗೆ" ಎಂದರು ಸೊಣ್ಣಮ್ಮ.

ಬೈರಣ್ಣ ಕದಲಲಿಲ್ಲ. ಅವರು ರಸ್ತೆಯ ಆಚೆ ನೋಡುತ್ತಿದ್ದರು. ಬೇಲಿಗೆ ಸೈಕಲ್ ಒರಗಿಸಿ ಒಬ್ಬ ಕೂತಿದ್ದ, ತೊಡೆಯ ಮೇಲೆ ಖಾಲಿ ಗೋಣಿಚೀಲಗಳ ಕಟ್ಟು. ಬೆಳಿಗ್ಗೆ ವೆಂಕಟಾಚಲನ ಆಫೀಸಿನ ಬಾಗಿಲಲ್ಲಿ ನಿಂತಿದ್ದವನೇ. ಗುಂಡಿಯ ನಡುವೆ ಇನ್ನೂ ಬೇಕಾದಷ್ಟು ಹಣ್ಣು ಬೆಂದಿತ್ತೇ ಹೊರತು ಸುಟ್ಟಿರಲಿಲ್ಲ. ತೊಳೆದರೆ ಮಾಲು.

ಅವನು ಎದ್ದು ಬಂದು ವಿನಯವಾಗಿಯೇ ತಮಿಳಿನಲ್ಲಿ ಹೇಳಿದ: "ನೀವು ಹೋಗಿ ಅಣ್ಣಾ, ಬಿಸಿಲು. ಪೂರ್ತಿ ಸುಡೋ ತನಕ ನಾನ್ ನೋಡ್ಕೋತೀನಿ."

"ಬ್ಯಾಡ ಕಣಪ್ಪ" ಎಂದರು ಬೈರಣ್ಣ ಅವನ ಭಾಷೆಯಲ್ಲೇ. "ನನ್ ಮಾಲು, ನಾನೇ ನೋಡ್ಕೋತೀನಿ."

ಲಾರಿಯವನ ಹತ್ತಿರ ಒಂದು ಬಿದಿರು ಗಳ ಇಸಕೊಂಡು ಗುಂಡಿಯ ಅಂಚಿಗೆ ಹೋದರು. ನಡುವಿನದನ್ನು ಕೆದಕಿ ಮೇಲೆ ತಂದರು, ಬೆಂಕಿಗೆ ಒಡ್ಡಿದರು, ಮತ್ತೆ ಕೆದಕಿದರು. ಹೊಗೆ ಮುಖಕ್ಕೇ ಬರುತ್ತಿತ್ತು. ಎರಡು ಸಲ ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿ, ಮತ್ತೆ ಗಳ ಎತ್ತಿಕೊಂಡರು. ಸೊಣ್ಣಮ್ಮ ಸ್ನಾನದ ಮಾತು ಬಿಟ್ಟು ಗರಿ ತಂದು ತಂದು ಹಾಕಿದರು. ಅತ್ತಿಗೆ ಉಳಿದ ಸೀಮೆಎಣ್ಣೆಯ ಡಬ್ಬ ಹಿಡಿದು ನಿಂತರು.

ಗೋಣಿಯವನು ಮತ್ತೆ ಬೇಲಿಯ ಹತ್ತಿರ ಹೋಗಿ ಕೂತ. ಬೀಡಿ ಸೇದಿದ. ಬಿಸಿಲು ಇಳಿಯುವ ಹೊತ್ತಿಗೆ ಗುಂಡಿಯಲ್ಲಿ ಇದ್ದಿಲಿನಂಥ ಗಟ್ಟಿ ಉಂಡೆಗಳಷ್ಟೇ ಉಳಿದವು. ಅವನು ಎದ್ದು, ಇಣುಕಿ ನೋಡಿ, ಗೋಣಿಯ ಕಟ್ಟನ್ನು ಕ್ಯಾರಿಯರಿಗೆ ಸಿಕ್ಕಿಸಿ ಪೆಡಲು ತುಳಿದ. ಸೈಕಲ್ ತಿರುವಿನಲ್ಲಿ ಮರೆಯಾದ ಮೇಲೂ ಬೈರಣ್ಣನವರು ಗಳ ಕೆಳಗಿಡಲಿಲ್ಲ. ಒಂದೊಂದೇ ಉಂಡೆಯನ್ನು ಕುಟ್ಟಿ ಒಡೆದು, ಒಳಗೆ ಕಂದು ಬಣ್ಣ ಕಾಣುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರು.